ಕಟ್ಟುಮರದ ಮೇಲೆ ನಾಲ್ಕು ಗಂಟೆ

ಮಗಳು ಅಳಿಯನ ಜೊತೆ ಕ್ರೂಸ್ ಮುಗಿಸಿಕೊಂಡು ಮದ್ರಾಸಿಗೆ (1986ರಲ್ಲಿ ಹಾಸನದಿಂದ ಬಂದಾಗ ಇದು ಮದ್ರಾಸೇ, ನನ್ನ ನಾಲಿಗೆಗೆ ಈಗಲೂ ಅದೇ) ವಾಪಸ್ಸು ಬಂದಮೇಲೆ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಊಟಕ್ಕೇನು ಮಾಡಿದಿರಿ? ಹಡಗು ಅಲ್ಲಾಡುತ್ತಾ? ಮೊದಲೇ ಹೇಳಿಟ್ಟರೆ ರಾತ್ರಿ ಊಟಕ್ಕೆ ದಾಲು, ಪಲ್ಯ ಮಾಡಿಕೊಡುತ್ತಾರೆ. ಇನ್ನು ಅಲ್ಲಾಟ, ನಮಗೆ ಸಿಕ್ಕ ಹವೆಯಲ್ಲಂತೂ ಬೆಂಗಳೂರು ಮೇಲ್‌ನ ಅಪ್ಪರ್ ಬರ್ತಿನಷ್ಟೂ ಇರಲಿಲ್ಲ. ಆದರೆ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ಮೂರನೆಯ ಪ್ರಶ್ನೆ ಕೇಳಿದರು. ಅವರ ಮಗ ಮುಂದಿನ ವರ್ಷಕ್ಕೆ ಟಿಕೆಟ್ ಮಾಡಿದ್ದಾನಂತೆ. "ಅದೇನೋ ಕ್ಯಾಟಮರಾನ್ ಅಂತ ಒಂದು ಸವಾರಿ ಇದೆಯಂತಲ್ಲಾ ಸಾರ್, ನಮ್ಮ ವಯಸ್ಸಿನವರಿಗೆ ಆಗುತ್ತಾ?" ಅಂತ. ನಮ್ಮ ಹಾಗೆ ಮಕ್ಕಳ ಹಿಂದೆ ಪರದೇಶಕ್ಕೆ ಹೋಗುವ ಅಪ್ಪ ಅಮ್ಮಂದಿರು ಈಗ ಬಹಳ, ಇಲ್ಲೇ ಬರೆದುಬಿಟ್ಟರೆ ನಾಲ್ಕು ಜನಕ್ಕೆ ಅನುಕೂಲ ಅನ್ನಿಸಿತು.

ಮೊದಲು ಹೆಸರಿನ ವಿಷಯ. ಮಗಳು ಫೋನಿನಲ್ಲಿ "ಅಪ್ಪಾ, ಕ್ಯಾಟಮರಾನ್ ಬುಕ್ ಮಾಡಿದೀನಿ" ಅಂದಾಗ ನನಗೆ ನಗು ಬಂತು. ಇದು ನಮ್ಮ ಮರೀನಾ ಕಡಲತೀರದ ಮಾತು. ತಮಿಳಿನ ಕಟ್ಟುಮರಂ. ಬಿಡಿಸಿದರೆ ಕನ್ನಡದಲ್ಲೂ ಅದೇ, ಕಟ್ಟು, ಮರ. ಹಗುರ ಮರದ ಕೆಲವು ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದು ಅಲೆ ಸೀಳಿಕೊಂಡು ಹೋಗುವುದು, ದಡಕ್ಕೆ ಬಂದಮೇಲೆ ಬಿಚ್ಚಿ ಒಣಗಲು ಹಾಕುವುದು. ನಾನು ಬಂದ ಹೊಸತರಲ್ಲಿ ಸಾಲುಸಾಲಾಗಿ ಇರುತ್ತಿದ್ದವು. ಈಗ ಬಹುಪಾಲು ಫೈಬರ್ ದೋಣಿಗಳೇ. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ ಕೋರಮಂಡಲ ತೀರದ ಈ ಹೆಸರನ್ನು 1697ರ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. ಆಮೇಲೆ ಆ ಹೆಸರು ಊರೂರು ಸುತ್ತಿ ಎರಡು ಹೊಟ್ಟೆಯ ದೋಣಿಗೆ ಅಂಟಿಕೊಂಡಿತು. ಜೋಡಿ ದೋಣಿ ಕಟ್ಟುವ ವಿದ್ಯೆ ಮಾತ್ರ ಪೆಸಿಫಿಕ್ ದ್ವೀಪಗಳ ಪಾಲಿನೇಷಿಯನ್ನರದ್ದು. 1876ರಲ್ಲಿ ಹೆರೆಶಾಫ್ ಎಂಬ ಅಮೆರಿಕನ್ ಅಂಥದೊಂದನ್ನು ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದರೆ, ಸೋತವರು ಇದು ದೋಣಿಯೇ ಅಲ್ಲ ಅಂತ ತಕರಾರು ತೆಗೆದರಂತೆ! ಎರಡು ಹೊಟ್ಟೆ ಅಗಲವಾಗಿ ನಿಲ್ಲುವುದರಿಂದ ಇದು ಒಂದು ಪಕ್ಕಕ್ಕೆ ವಾಲುವುದು ಕಡಿಮೆ. ಹಾಗಂತ ಅಲ್ಲಾಡುವುದೇ ಇಲ್ಲ ಅಂದುಕೊಳ್ಳಬೇಡಿ, ಕುಲುಕಾಟ ಸಣ್ಣದು, ಚುರುಕು. ಹೊಟ್ಟೆ ತೊಳಸುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಹತ್ತಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಬೇಕು.

ನಾವು ಹೋದದ್ದು 2024ರ ಜನವರಿಯಲ್ಲಿ, ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್. ಹಡಗು ನಿಂತ ಊರುಗಳಲ್ಲಿ ಒಂದು ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ. ಕೆರಿಬಿಯನ್ ಸಮುದ್ರದ ಈ ದ್ವೀಪಗಳನ್ನು ಅಮೆರಿಕದವರು 1917ರಲ್ಲಿ ಡೆನ್ಮಾರ್ಕಿನಿಂದ ಎರಡೂವರೆ ಕೋಟಿ ಡಾಲರಿಗೆ ಕೊಂಡುಕೊಂಡರು. ಅಮೆರಿಕದ ನೆಲವಾದರೂ ಇಲ್ಲಿ ವಾಹನಗಳು ನಮ್ಮ ಹಾಗೆ ಎಡಗಡೆ ಓಡುತ್ತವೆ. ಮೂರು ತಿಂಗಳು ಅಟ್ಲಾಂಟಾದಲ್ಲಿ ಬಲಗಡೆ ನೋಡಿ ನೋಡಿ ಸುಸ್ತಾಗಿದ್ದ ನನಗೆ ಸ್ವಂತ ಊರಿಗೆ ಬಂದಷ್ಟು ಹಿತವಾಯಿತು.

ಇಂಥ ಸವಾರಿಯನ್ನು ಹಡಗಿನವರ ಮೂಲಕವೂ ಬುಕ್ ಮಾಡಬಹುದು, ಹೊರಗೂ ಮಾಡಬಹುದು. ಹೊರಗೆ ಸ್ವಲ್ಪ ಅಗ್ಗ. ಆದರೆ ಹಡಗಿನವರ ಟಿಕೆಟ್ಟಿನಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋಗಿ ತಡವಾದರೆ ನೀವು ದಡದಲ್ಲಿ, ನಿಮ್ಮ ಪೆಟ್ಟಿಗೆ ಸಮುದ್ರದಲ್ಲಿ. ಗಾಳಿ ಜೋರಾಗಿ ಸವಾರಿ ರದ್ದಾದರೆ ದುಡ್ಡೂ ತಾನಾಗಿ ವಾಪಸ್ಸು ಬರುತ್ತದೆ. ಅರವತ್ತು ದಾಟಿದವರು ಆ ಉಳಿತಾಯದ ಆಸೆಗೆ ಬೀಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು, ಗಡಿಯಾರ. ಚಳಿಗಾಲದಲ್ಲಿ ಈ ದ್ವೀಪದ ಸಮಯ ಮಯಾಮಿಗಿಂತ ಒಂದು ಗಂಟೆ ಮುಂದೆ. ನಮ್ಮ ಹಡಗು ಮಯಾಮಿ ಸಮಯದಲ್ಲೇ ಇತ್ತು, ಅಳಿಯಂದಿರ ಫೋನು ಮಾತ್ರ ತಾನಾಗಿ ದ್ವೀಪದ ಸಮಯಕ್ಕೆ ಹಾರಿತ್ತು. ಬೆಳಿಗ್ಗೆ ಎದ್ದವರೇ "ಮಾವ, ಬೋಟು ಹೋಗೇಬಿಡ್ತು" ಅಂತ ಹಲ್ಲುಜ್ಜದೆ ಓಡಾಡಿದ್ದೇ ಓಡಾಡಿದ್ದು. ನಾನು ನಿಧಾನವಾಗಿ ನನ್ನ ಹಳೇ ಎಚ್.ಎಂ.ಟಿ. ವಾಚು ತೋರಿಸಿದೆ. ಹಡಗು ಯಾವ ಸಮಯ ಇಟ್ಟುಕೊಂಡಿದೆ ಅಂತ ಹಿಂದಿನ ರಾತ್ರಿ ಕೇಳಿಕೊಂಡು ಕೈಗಡಿಯಾರವನ್ನೇ ನಂಬಿ.

ಕಟ್ಟೆಯ ಮೇಲೆ ಕೈಯಲ್ಲಿ ಬೋರ್ಡು ಹಿಡಿದವರ ಹಿಂದೆ ಹೋದರೆ ಸೀದಾ ದೋಣಿ. ಹತ್ತುವ ಮೊದಲೇ ಒಂದು ಬುಟ್ಟಿ ಇಟ್ಟಿರುತ್ತಾರೆ, ಎಲ್ಲರೂ ಚಪ್ಪಲಿ ಬಿಚ್ಚಿ ಹಾಕಬೇಕು. "ದೇವಸ್ಥಾನದ ಥರಾನೇ ಇದೆ ಕಣ್ರೀ" ಅಂದಳು ನನ್ನಾಕೆ. ಆವತ್ತು ಅವಳು ಆಡಿದ ಮೊದಲ ಮಾತು ಅದು.

ಇವಳ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಾವು ಬೆಸೆಂಟ್ ನಗರದಲ್ಲಿದ್ದೇವೆ, ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆ. ಭಾನುವಾರ ಬೆಳಿಗ್ಗೆ ನೀರಿನ ಅಂಚಿನಲ್ಲಿ ಕಾಲು ನೆನೆಸಿಕೊಂಡು ನಡೆಯುವುದು ಇವಳಿಗೆ ಬಹಳ ಇಷ್ಟವಿತ್ತು. 2004ರ ಡಿಸೆಂಬರ್ 26 ಕೂಡ ಭಾನುವಾರವೇ. ಊರಿಂದ ನೆಂಟರು ಬಂದಿದ್ದರಿಂದ ಆವತ್ತು ಹೋಗಲಿಲ್ಲ. ಸುನಾಮಿ ಬಂದು ಹೋಯಿತು. ನಮ್ಮ ಬೀದಿಗೆ ಹೂ ಮಾರಲು ಬರುತ್ತಿದ್ದ ಹೆಂಗಸು ಮೀನುಗಾರರ ಕುಪ್ಪದವಳು, ಜೊತೆಯಲ್ಲಿ ಆರು ವರ್ಷದ ಮೊಮ್ಮಗಳು ಬರುತ್ತಿದ್ದಳು. ಇವಳು ಆ ಮಗುವಿಗೆ ದಿನಾ ಒಂದು ಬಿಸ್ಕತ್ತು ಕೊಡುತ್ತಿದ್ದಳು. ಮಗು ಉಳಿಯಲಿಲ್ಲ. ಹೂವಿನವಳು ತಿಂಗಳಾದ ಮೇಲೆ ಒಂದು ದಿನ ಬಂದು, ಬುಟ್ಟಿ ಇಳಿಸಿ, ಏನೂ ಮಾತಾಡದೆ ಕೂತಿದ್ದು ಎದ್ದು ಹೋದಳು. ಆಮೇಲೆ ಬರಲೇ ಇಲ್ಲ. ಅಂದಿನಿಂದ ನನ್ನಾಕೆ ಸಮುದ್ರಕ್ಕೆ ಕಾಲಿಟ್ಟಿಲ್ಲ. ಮಗಳು ಕಾಲೇಜಿನಲ್ಲಿದ್ದಾಗ, 1988ರಿಂದ ಇಲ್ಲಿ ನಡೆಯುತ್ತಿರುವ ವಿದ್ಯಾರ್ಥಿಗಳ ಆಮೆ ಸಂರಕ್ಷಣೆ ತಂಡದ ಜೊತೆ ರಾತ್ರಿಯಿಡೀ ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ಮರಳಿನಲ್ಲಿ ನಡೆಯುತ್ತಿದ್ದಳು, ಆಲಿವ್ ರಿಡ್ಲಿ ಆಮೆಗಳ ಮೊಟ್ಟೆ ಹುಡುಕಿಕೊಂಡು. ಎಷ್ಟು ಕರೆದರೂ ಅಮ್ಮ ಒಂದು ದಿನವೂ ಹೋಗಲಿಲ್ಲ. ಅದಕ್ಕೇ ಮಗಳು ಈ ಸವಾರಿ ಆರಿಸಿದ್ದು ಅಂತ ನನಗೆ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ದೋಣಿಯ ಮುಂಭಾಗದಲ್ಲಿ ಎರಡು ಹೊಟ್ಟೆಗಳ ನಡುವೆ ಬಲೆ ಬಿಗಿದಿರುತ್ತಾರೆ. ಹುಡುಗರೆಲ್ಲ ಅಲ್ಲೇ ಹೋಗಿ ಮಲಗುತ್ತಾರೆ, ಕೆಳಗಿಂದ ಅಲೆ ಎರಚುತ್ತದೆ, ಮೇಲೆ ಬಿಸಿಲು. ನಮ್ಮಂಥವರಿಗೆ ಹಿಂದೆ, ನೆರಳಿರುವ ಕಡೆ, ನಡುಮಧ್ಯದ ಬೆಂಚೇ ಸ್ವರ್ಗ. ಅಲ್ಲಿ ಕುಲುಕಾಟವೂ ಕಡಿಮೆ. ಹಾಯಿ ಬಿಚ್ಚಿದರೂ ಹೋಗುವಾಗ ಹೆಚ್ಚು ದೂರ ಓಡಿಸಿದ್ದು ಇಂಜಿನ್ನೇ. ಅಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಬೀಸುತ್ತದೆ, ನಾವು ಹೊರಟಿದ್ದು ಹೆಚ್ಚುಕಡಿಮೆ ಅದರ ಎದುರಿಗೆ. ಸಿನಿಮಾದಲ್ಲಿ ತೋರಿಸುವ ನಿಶ್ಶಬ್ದವಾದ ಹಾಯಿ ಪಯಣ ಬೇಕಿದ್ದರೆ ವಾಪಸ್ಸು ಬರುವವರೆಗೆ ಕಾಯಬೇಕು. ಟಾಯ್ಲೆಟ್ ಇದೆ, ರೈಲಿನದ್ದಕ್ಕಿಂತ ಚಿಕ್ಕದು. ಕಾಗದ ಒಳಗೆ ಹಾಕಬಾರದು, ಕಟ್ಟಿಕೊಳ್ಳುತ್ತದೆ. ಹಡಗಿನಲ್ಲೇ ಮುಗಿಸಿಕೊಂಡು ಹೊರಡುವುದು ಜಾಣತನ.

ಮುಕ್ಕಾಲು ಗಂಟೆಯಲ್ಲಿ ಬಕ್ ಐಲೆಂಡ್ ಎಂಬ ಪುಟ್ಟ ದ್ವೀಪದ ಬಗಲಲ್ಲಿ ದೋಣಿ ನಿಂತಿತು. ಇದು ವನ್ಯಜೀವಿ ಸಂರಕ್ಷಿತ ಜಾಗ, ಜನವಸತಿ ಇಲ್ಲ. ತಳದಲ್ಲಿ ಹುಲ್ಲು ಬೆಳೆಯುತ್ತದೆ, ಅದನ್ನು ಮೇಯಲು ಹಸಿರು ಆಮೆಗಳು ಬರುತ್ತವೆ, ಥೇಟ್ ನಮ್ಮೂರ ದನಗಳ ಹಾಗೆ. ಆಮೆಯನ್ನು ಮುಟ್ಟುವುದು, ಅಟ್ಟಿಸಿಕೊಂಡು ಹೋಗುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಸನ್‌ಸ್ಕ್ರೀನಿಗೂ ಕಾನೂನಿದೆ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಹವಳಕ್ಕೆ ಕೆಡುಕೆಂದು ಈ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ. ಡಬ್ಬಿಯ ಹಿಂದೆ ಓದಿ ಕೊಳ್ಳಿ, ಅಥವಾ ನಮ್ಮ ಹಾಗೆ ತುಂಬುತೋಳಿನ ಅಂಗಿಯನ್ನೇ ಹಾಕಿಕೊಂಡುಬಿಡಿ.

ಎಲ್ಲರಿಗೂ ಮುಖಕ್ಕೆ ಕನ್ನಡಿ, ಬಾಯಿಗೆ ಕೊಳವೆ, ಕಾಲಿಗೆ ಬಾತುಕೋಳಿ ಪಾದ, ಕುತ್ತಿಗೆಗೆ ಗಾಳಿ ಊದುವ ಹಳದಿ ಜಾಕೆಟ್ಟು ಕೊಟ್ಟರು. ಮೀಸೆಯ ಸಂದಿನಿಂದ ನೀರು ಒಳಗೆ ಬರುತ್ತದೆ, ನನ್ನಂಥ ಮೀಸೆಯವರಿಗೆ ಗೊತ್ತಿರಲಿ. ಈಜು ಬರಲೇಬೇಕೆಂದಿಲ್ಲ, ಜಾಕೆಟ್ಟು ತೇಲಿಸುತ್ತದೆ. ಆದರೆ ಬರುವುದಿಲ್ಲ ಅಂತ ಮೊದಲೇ ಹೇಳಿಬಿಡಬೇಕು. ಹೃದಯದ ತೊಂದರೆ ಇರುವವರು, ದಮ್ಮಿನವರು ಡಾಕ್ಟರನ್ನು ಕೇಳದೆ ಇಳಿಯಬೇಡಿ.

ನಾನು, ಮಗಳು, ಅಳಿಯ ಇಳಿದೆವು. ನನ್ನಾಕೆ ಬೆಂಚಿನ ಮೇಲೇ ಇದ್ದಳು, ಕಂಬ ಹಿಡಿದುಕೊಂಡು. ದೋಣಿಯ ಹುಡುಗಿಯೊಬ್ಬಳು, ಆ ದ್ವೀಪದವಳೇ, ಇವಳ ಪಕ್ಕದಲ್ಲಿ ಬಂದು ಕೂತಳು. ಬಲವಂತ ಮಾಡಲಿಲ್ಲ. ಏನು ಮಾತಾಡಿದರೋ ನನಗೆ ಕೇಳಲಿಲ್ಲ. ಹತ್ತು ನಿಮಿಷದ ಮೇಲೆ ನೋಡುತ್ತೇನೆ, ಇವಳು ಚೂಡಿದಾರದ ಮೇಲೆ ಹಳದಿ ಜಾಕೆಟ್ಟು ಹಾಕಿಕೊಂಡು ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾಳೆ. ನೀರು ಮಂಡಿಯವರೆಗೆ. ಮಗಳು ಹತ್ತಿರ ಹೋಗಲು ಹೊರಟಳು, ನಾನು ಕೈ ಹಿಡಿದು ನಿಲ್ಲಿಸಿದೆ. ಎಷ್ಟೋ ಹೊತ್ತು ಇವಳು ಹಾಗೇ ನಿಂತಿದ್ದಳು. ಆಮೇಲೆ ಆ ಹುಡುಗಿ ಚಾಚಿದ ರಬ್ಬರ್ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಜಾರಿದಳು.

ಮುಖ ನೀರಿನೊಳಗೆ ಇಟ್ಟಿದ್ದು ಮೂರೇ ಸಲ. ಮೂರನೇ ಸಲಕ್ಕೆ ಕೆಳಗೆ ಹುಲ್ಲು ಮೇಯುತ್ತಿದ್ದ ಆಮೆಯೊಂದು ಉಸಿರಿಗೆ ಮೇಲೆ ಬಂತು. ನಮ್ಮಿಂದ ನಾಲ್ಕು ಮಾರು ದೂರದಲ್ಲಿ ತಲೆ ಎತ್ತಿ, ಉಸಿರು ಎಳೆದುಕೊಂಡು, ಮತ್ತೆ ಇಳಿದುಹೋಯಿತು. ಇವಳು ಕೊಳವೆ ತೆಗೆದು ಮಗಳನ್ನು ಕೇಳಿದಳು, "ಅಲ್ಲಿ ರಾತ್ರಿ ನೀನು ನೋಡ್ತಿದ್ದಿದ್ದು ಇಂಥದೇನಾ?" "ಅದು ಬೇರೆ ಜಾತಿ ಅಮ್ಮಾ, ಇನ್ನೂ ಚಿಕ್ಕದು" ಅಂದಳು ಮಗಳು. ಅಷ್ಟೇ. ಆಮೇಲೆ ಇಬ್ಬರೂ ಉಪ್ಪುನೀರಲ್ಲಿ ಸುಮ್ಮನೆ ತೇಲುತ್ತಿದ್ದರು. ಅಳುತ್ತಿದ್ದರೋ ಏನೋ, ಆ ಕನ್ನಡಿಯೊಳಗೆ ಗೊತ್ತಾಗುವುದಿಲ್ಲ.

ಇಳಿಯುವುದಕ್ಕಿಂತ ಹತ್ತುವುದೇ ಕಷ್ಟ. ನೀರಿನಲ್ಲಿ ಹಗುರವಾಗಿದ್ದ ಮೈ ಏಣಿಯ ಮೇಲೆ ಮೂಟೆಯ ಹಾಗೆ ಭಾರ. ಬಾತುಕೋಳಿ ಪಾದವನ್ನು ನೀರಿನಲ್ಲೇ ಕಳಚಿ ಮೇಲಿದ್ದವರ ಕೈಗೆ ಕೊಟ್ಟು, ಆಮೇಲೆ ಹತ್ತಬೇಕು. ಮಂಡಿನೋವು ಇರುವವರು ಸುಸ್ತಾಗುವ ಮೊದಲೇ ವಾಪಸ್ಸು ಬನ್ನಿ.

ಎಲ್ಲರೂ ಹತ್ತಿದ ಮೇಲೆಯೇ ರಮ್ ಪಂಚ್ ತೆಗೆದದ್ದು, ಮೊದಲು ಕೇಳಿದವರಿಗೆ ನಯವಾಗಿ ಇಲ್ಲ ಅಂದಿದ್ದರು. ಕುಡಿಯದವರಿಗೆ ಹಣ್ಣಿನ ರಸ. ತಿನ್ನಲು ಚಿಪ್ಸು, ಸಾಲ್ಸಾ, ಬಿಸ್ಕತ್ತು. ಇವಳು ಚೀಲದಿಂದ ಕೋಡುಬಳೆ ಪೊಟ್ಟಣ ತೆಗೆದು ಮೊದಲು ಆ ದೋಣಿಯ ಹುಡುಗಿಗೆ ಕೊಟ್ಟಳು, ಆಮೇಲೆ ನಮಗೆ. ಈಗ ಗಾಳಿ ಬೆನ್ನಿಗೆ. ಇಂಜಿನ್ ನಿಲ್ಲಿಸಿ ಹಾಯಿಯಲ್ಲೇ ಬಂದೆವು. ದಡದಲ್ಲಿ ಟಿಪ್ಸಿಗೆ ಒಂದು ಡಬ್ಬ ಇಟ್ಟಿರುತ್ತಾರೆ. ಟಿಕೆಟ್ಟಿನ ಬೆಲೆಯ ಶೇಕಡಾ 15ರಿಂದ 20 ಹಾಕುವುದು ಅಲ್ಲಿಯ ವಾಡಿಕೆ, ಚಿಲ್ಲರೆ ನೋಟು ಒದ್ದೆಯಾಗದ ಕವರಿನಲ್ಲಿ ಇಟ್ಟುಕೊಂಡಿರಿ. ನನ್ನಾಕೆ ನನ್ನ ಕೈಯಿಂದ ನೋಟು ಕಿತ್ತುಕೊಂಡು ತಾನೇ ಹಾಕಿದಳು, ಎಷ್ಟು ಅಂತ ನಾನು ಕೇಳಲಿಲ್ಲ.

ಹಡಗು ಹತ್ತಲು ಇನ್ನೂ ಸಮಯವಿತ್ತು ಅಂತ ಪೇಟೆಬೀದಿಗೆ ಹೋದರೆ, ಒಡವೆ ಅಂಗಡಿಯೊಂದರಲ್ಲಿ ಸಿಂಧಿ ಯಜಮಾನರು. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರಂತೆ. "ಎಲ್ಲಿಯವರು?" ಅಂತ ಹಿಂದಿಯಲ್ಲಿ ಕೇಳಿದರು. ಅವರಿಗೂ ನಮಗೂ ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವೇ! ಏನೂ ಕೊಳ್ಳದಿದ್ದರೂ ಚಹಾ ಕೊಟ್ಟರು.

ನಮ್ಮ ವಯಸ್ಸಿನವರಿಗೆ ಆಗುತ್ತಾ ಅಂದರೆ, ಆಗುತ್ತೆ. ಏಣಿ ಹತ್ತಲು ಮಂಡಿ ಬಗ್ಗಬೇಕು, ಬಿಸಿಲಿಗೆ ಟೋಪಿ ಬೇಕು (ದಾರ ಕಟ್ಟಿದ್ದು, ಇಲ್ಲದಿದ್ದರೆ ಹಾರಿಹೋಗುತ್ತದೆ), ಬದಲಿಗೆ ಒಂದು ಜೊತೆ ಒಣಬಟ್ಟೆ ಬೇಕು. ನೀರಿಗೆ ಇಳಿಯದೆ ದೋಣಿಯಲ್ಲೇ ಕೂತಿದ್ದರೂ ದುಡ್ಡು ದಂಡವಲ್ಲ. ಇಳಿಯಲೋ ಬೇಡವೋ ಅಂತ ಜೊತೆಯವರು ಯೋಚಿಸುತ್ತಿದ್ದರೆ ಮಾತ್ರ ಹಿಂದಿನಿಂದ ಅವಸರ ಮಾಡಬೇಡಿ. ನೀವೂ ಹೋಗಿಬಂದಿದ್ದರೆ, ಬೇರೆ ದ್ವೀಪಗಳಲ್ಲಿ ಹೇಗಿರುತ್ತದೆ ಅಂತ ಬರೆಯಿರಿ. ನನ್ನಾಕೆ ಕೇಳುತ್ತಿದ್ದಾಳೆ.