ಖಾಲಿ ಮನೆಗಳು: ಕ್ವೆರಿ ಬರೆಯುವವನ ಟಿಪ್ಪಣಿ

ಹಾಲಿನ ಡೇರಿಯೊಂದರ ಲೆಕ್ಕದ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯವಾಗಿ ಎರಡೇ ಟೇಬಲ್. ಒಂದರಲ್ಲಿ ಸದಸ್ಯರು, ಇನ್ನೊಂದರಲ್ಲಿ ಅವರು ಬೆಳಿಗ್ಗೆ ಸಂಜೆ ಹಾಕಿದ ಹಾಲು: ಲೀಟರ್, ಫ್ಯಾಟ್, ಎಸ್‌ಎನ್‌ಎಫ್. ಇಷ್ಟು ಸರಳವಾದದ್ದರೊಳಗೆ ಇಷ್ಟು ಗೊಂದಲ ಎಲ್ಲಿಂದ ಬಂತೆಂದು ತಿಳಿಯದೆ ಆಗಾಗ ಬರೆದಿಟ್ಟುಕೊಂಡ ಮಾತುಗಳಿವು.

*

ಈ ತಿಂಗಳು ಹಾಲು ಹಾಕದವರು ಯಾರ್ಯಾರು? ಸೆಕ್ರೆಟರಿ ಕೇಳಿದ್ದು ಇಷ್ಟೇ. ಈ ತಿಂಗಳ ಹಾಲಿನ ಸಾಲುಗಳಲ್ಲಿ ಯಾರ ಸಂಖ್ಯೆ ಇಲ್ಲವೋ ಅವರ ಹೆಸರು ಕೊಡು ಎಂದು ‘ನಾಟ್ ಇನ್’ ಹಾಕಿ ಬರೆದೆ. ಬಂದದ್ದು ಸೊನ್ನೆ ಸಾಲು.

“ಅಂದ್ರೆ ಎಲ್ರೂ ಹಾಕಿದಾರಾ ಸಾರ್? ಮೂಲೆಮನೆ ಅಜ್ಜಿ ಹಸು ಮಾರಿ ಎರಡು ತಿಂಗಳಾಯ್ತಲ್ಲ?”

ಅರ್ಧ ದಿನ ಹುಡುಕಿದೆ. ಹಾಲಿನ ಟೇಬಲ್‌ನ ಒಂದೇ ಒಂದು ಸಾಲಿನಲ್ಲಿ ಸದಸ್ಯ ಸಂಖ್ಯೆಯ ಮನೆ ಖಾಲಿಯಿತ್ತು. ಅದಕ್ಕೆ ನಲ್ ಎನ್ನುತ್ತಾರೆ. ನಲ್ ಅಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಎಂದರ್ಥ. ಅಜ್ಜಿಯ ಸಂಖ್ಯೆ 47. ಅದು 12 ಅಲ್ಲ, 31 ಅಲ್ಲ, ಸರಿ. ಆ ಖಾಲಿ ಮನೆಯಲ್ಲಿರಬೇಕಾದದ್ದು 47 ಅಲ್ಲವೆಂದು ಹೇಳುವುದು ಹೇಗೆ? ಖಚಿತವಾಗಿ ಹೇಳಲಾಗದ್ದನ್ನು ಎಸ್‌ಕ್ಯೂಎಲ್ ಉತ್ತರಕ್ಕೆ ಸೇರಿಸುವುದಿಲ್ಲ. ಅಜ್ಜಿ ಹೋದರು, ಅದೇ ಕಾರಣಕ್ಕೆ ಉಳಿದವರೂ ಹೋದರು. ‘ನಾಟ್ ಎಕ್ಸಿಸ್ಟ್ಸ್’ ಎಂದು ತಿದ್ದಿದ ಮೇಲೆ ಹತ್ತೊಂಬತ್ತು ಹೆಸರು ಬಂದವು. ಅವತ್ತಿನಿಂದ ‘ನಾಟ್ ಇನ್’ ಒಳಗೆ ಇನ್ನೊಂದು ಕ್ವೆರಿ ಬರೆಯುವುದನ್ನೇ ಬಿಟ್ಟಿದ್ದೇನೆ.

ಕ್ವೆರಿಯಲ್ಲಿ ಒಂದು ಕಾಮಾ ತಪ್ಪಿದರೆ ಕೆಂಪು ಅಕ್ಷರದಲ್ಲಿ ತಕರಾರು ಬರುತ್ತದೆ. ತರ್ಕವೇ ತಪ್ಪಿದ್ದರೂ ಉತ್ತರ ಸದ್ದಿಲ್ಲದೆ ಬಂದು ಕೂರುತ್ತದೆ. ನನಗೆ ಹೆದರಿಕೆ ಇದರದ್ದೇ.

*

ನಾಲ್ಕು ಸಲದ ಹಾಲು. ಫ್ಯಾಟ್ 4.0, 4.2, 3.8, ನಾಲ್ಕನೆಯ ಸಲ ಮಷೀನ್ ಕೆಟ್ಟಿತ್ತು, ಅಳೆಯಲಿಲ್ಲ. ಆ ಮನೆ ಖಾಲಿ ಬಿಟ್ಟರೆ ಸರಾಸರಿ 4.0. ಯಾರಾದರೂ ಅಲ್ಲಿ 0 ಒತ್ತಿದ್ದರೆ 3.0. ರೈತರಿಗೆ ದರ ಸಿಗುವುದು ಫ್ಯಾಟ್ ಮೇಲೆ. ‘ಅಳೆದಿಲ್ಲ’ ಎಂಬುದನ್ನು ಸೊನ್ನೆ ಎಂದು ಬರೆಯುವ ಫಾರ್ಮನ್ನು ಯಾರೂ ಮಾಡಬಾರದು.

*

ಮಾರ್ಚ್ ತಿಂಗಳ ಮೊತ್ತ ಯಾವಾಗಲೂ ಕಡಿಮೆ ಬರುತ್ತಿತ್ತು. ಮಾರ್ಚ್ 1ರಿಂದ 31ರವರೆಗೆ ಎಂದು ‘ಬಿಟ್ವೀನ್’ ಹಾಕಿದ್ದೆ. ಆ ಕಾಲಂನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವೂ ಇದೆ. ಬರೀ 31 ಎಂದರೆ 31ರ ನಡುರಾತ್ರಿ ಹನ್ನೆರಡು ಗಂಟೆ, ದಿನ ಶುರುವಾಗುವ ಹೊತ್ತು. ಆ ದಿನ ಬೆಳಿಗ್ಗೆ ಹಾಕಿದ ಹಾಲೂ ಸಂಜೆಯ ಹಾಲೂ ಹೊರಗೇ ಉಳಿದವು. ಈಗ ಬರೆಯುವುದು: ಮಾರ್ಚ್ 1 ಅಥವಾ ಅದರ ನಂತರ, ಏಪ್ರಿಲ್ 1ಕ್ಕಿಂತ ಮುಂಚೆ.

*

ಪಶು ಆಹಾರದ ಮೂಟೆ ಸಾಲ ಕೊಡುವ ಟೇಬಲ್ ಇನ್ನೊಂದಿದೆ. ಹಾಲಿನ ದುಡ್ಡಿನಲ್ಲಿ ಮೂಟೆಯ ದುಡ್ಡು ಹಿಡಿದು ಬಟವಾಡೆ ಮಾಡಬೇಕು. ಸದಸ್ಯರ ಟೇಬಲ್‌ಗೆ ಎರಡನ್ನೂ ಜಾಯಿನ್ ಮಾಡಿದೆ. ಒಬ್ಬರ ಹಾಲು ಇದ್ದಕ್ಕಿದ್ದಂತೆ ಮೂರು ಪಟ್ಟು ಆಯಿತು.

ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು. 31 ದಿನಕ್ಕೆ ಹಾಲಿನ ಸಾಲು 62. ಅವರು ತೆಗೆದುಕೊಂಡ ಮೂಟೆ 3. ಪ್ರತಿ ಹಾಲಿನ ಸಾಲಿಗೂ ಪ್ರತಿ ಮೂಟೆಯ ಸಾಲು ಜೋಡಿಯಾಗಿ 186 ಸಾಲು. ಇಂಥ ಕಡೆ ‘ಡಿಸ್ಟಿಂಕ್ಟ್’ ಹಾಕಿ ಮುಚ್ಚಿಬಿಡುವ ಚಾಳಿಯನ್ನು ಎಷ್ಟೋ ಕೋಡ್‌ನಲ್ಲಿ ಕಂಡಿದ್ದೇನೆ. ಅದು ಇನ್ನೂ ಅಪಾಯ. ಲೀಟರನ್ನು ಡಿಸ್ಟಿಂಕ್ಟ್ ಮಾಡಿ ಕೂಡಿದರೆ, ದಿನಾ ತಪ್ಪದೆ 5 ಲೀಟರ್ ಹಾಕುವವರಿಗೆ ತಿಂಗಳಿಗೆಲ್ಲ 5 ಲೀಟರ್ ಅಷ್ಟೇ ಸಿಗುತ್ತದೆ. ನಿಯತ್ತಾಗಿ ಒಂದೇ ಅಳತೆ ಹಾಕಿದವರಿಗೇ ನಷ್ಟ.

ಸರಿಯಾದ ದಾರಿ ‘ವಿತ್’. 1999ರಲ್ಲಿ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ಗೆ ಸೇರಿದ್ದು. ಮೊದಲು ಒಬ್ಬೊಬ್ಬರ ಹಾಲು ಕೂಡಿ, ಅದಕ್ಕೊಂದು ಹೆಸರಿಡು. ಮೂಟೆ ಕೂಡಿ, ಅದಕ್ಕೂ ಹೆಸರಿಡು. ಈಗ ಒಬ್ಬರಿಗೆ ಎರಡೂ ಕಡೆ ಒಂದೊಂದೇ ಸಾಲು, ಆಮೇಲೆ ಜೋಡಿಸು. ಮೇಲಿಂದ ಕೆಳಗೆ ಓದಿದರೆ ಬಟವಾಡೆಯ ಲೆಕ್ಕ ಹೇಗೆ ನಡೆಯುತ್ತದೋ ಹಾಗೇ ಕಾಣುತ್ತದೆ. ಆ ಹೆಸರುಗಳು ಟಿ1, ಟಿ2 ಆಗಿರಬಾರದು. ‘ಸದಸ್ಯರ ಹಾಲಿನ ಮೊತ್ತ’ ಎಂದು ಉದ್ದವಾಗಿಯೇ ಇರಲಿ. ಆರು ತಿಂಗಳು ಕಳೆದ ಮೇಲೆ ನಾನೂ ಈ ಕ್ವೆರಿಗೆ ಹೊಸಬನೇ.

*

ಎಸ್‌ಕ್ಯೂಎಲ್ ವಾಕ್ಯ ‘ಸೆಲೆಕ್ಟ್’ ಎಂದು ಶುರುವಾಗುತ್ತದೆ. ಅದರ ಅರ್ಥ ನಡೆಯುವ ಕ್ರಮವೇ ಬೇರೆ: ಮೊದಲು ‘ಫ್ರಮ್’, ಆಮೇಲೆ ‘ವೇರ್’, ‘ಗ್ರೂಪ್ ಬೈ’, ‘ಹ್ಯಾವಿಂಗ್’, ಆಮೇಲಷ್ಟೇ ‘ಸೆಲೆಕ್ಟ್’, ಕಡೆಗೆ ‘ಆರ್ಡರ್ ಬೈ’. ‘ಸೆಲೆಕ್ಟ್’ನಲ್ಲಿ ಇಟ್ಟ ಹೊಸ ಹೆಸರನ್ನು ‘ವೇರ್’ ಗುರುತಿಸದೇ ಇರುವುದು ಇದಕ್ಕೇ; ಅದು ಓಡುವ ಹೊತ್ತಿಗೆ ಆ ಹೆಸರು ಇನ್ನೂ ಹುಟ್ಟಿರುವುದಿಲ್ಲ.

ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಈ ಭಾಷೆಯನ್ನು ‘ಸೀಕ್ವೆಲ್’ ಎಂಬ ಹೆಸರಲ್ಲಿ ಮುಂದಿಟ್ಟರು. ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವಾಗ ಕ್ರಿಯಾಪದ ಮೊದಲು ಬರುತ್ತದೆ, ಹಾಗೇ ಇಟ್ಟರು. ಕನ್ನಡದಲ್ಲಿ ಹೇಳಿ ನೋಡಿ: ‘ಹಾಲಿನ ಟೇಬಲ್‌ನಿಂದ, ಮಾರ್ಚ್ ತಿಂಗಳದ್ದನ್ನು, ಸದಸ್ಯವಾರು ಗುಂಪು ಮಾಡಿ, ಮೊತ್ತ ಕೊಡು.’ ಕ್ರಮ ತಾನಾಗಿ ಸರಿಹೋಯಿತು! 2007ರಲ್ಲಿ ಮೈಕ್ರೋಸಾಫ್ಟ್ ‘ಲಿಂಕ್’ (LINQ) ಎಂಬ ತನ್ನ ಕ್ವೆರಿ ಬರೆಯುವ ಬಗೆ ತಂದಾಗ ಅದೂ ‘ಫ್ರಮ್’ ಅನ್ನೇ ಮುಂದಿಟ್ಟಿತು. ಈಗ ಯಾವ ಕ್ವೆರಿ ಬರೆಯುವ ಮುಂಚೆಯೂ ಮೇಲೆ ಕಾಮೆಂಟಿನಲ್ಲಿ ಕನ್ನಡದ ಒಂದು ವಾಕ್ಯ ಬರೆಯುತ್ತೇನೆ. ವಾಕ್ಯ ಕೂರದಿದ್ದರೆ ಕ್ವೆರಿಯೂ ಕೂರುವುದಿಲ್ಲ.

*

ಗೀತಾ ಎಂದು ಹುಡುಕಿದರೆ ಒಬ್ಬ ಗೀತಾ ಸಿಗುತ್ತಾರೆ, ಇನ್ನೊಬ್ಬರು ಸಿಗುವುದಿಲ್ಲ. ತೆರೆಯ ಮೇಲೆ ಎರಡು ಹೆಸರೂ ಒಂದೇ ರೀತಿ ಕಾಣುತ್ತವೆ. ಯೂನಿಕೋಡ್‌ನಲ್ಲಿ ‘ಗೀ’ಯ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಒಂದು ಗೀತಾಳ ಉದ್ದ 4, ಇನ್ನೊಂದರದ್ದು 5. ಕನ್ನಡದ ಹೆಸರು ಡೇಟಾಬೇಸ್ ಒಳಗೆ ಹೋಗುವ ಬಾಗಿಲಲ್ಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ, ತನ್ನಿ. ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು; ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಒಳಗೇ ಇದೆ. ಕನ್ನಡದಲ್ಲಿ ಡೇಟಾ ಇಡುವವರು ಇದನ್ನು ಮರೆಯಬೇಡಿ.

*

ಸದಸ್ಯ ಸಂಖ್ಯೆಯ ಕಾಲಂಗೆ ‘ನಾಟ್ ನಲ್’ ಹಾಕಹೋದೆ, ಇನ್ನು ಮುಂದೆ ಖಾಲಿ ಬಿಡುವಂತಿಲ್ಲ ಎಂದು. ಡೇಟಾಬೇಸ್ ಒಪ್ಪಲಿಲ್ಲ. ಆಗಲೇ ಒಂದು ಖಾಲಿ ಇದೆಯಲ್ಲ, ಮೊದಲು ಅದನ್ನು ತುಂಬಿಸಬೇಕು. ಆ ಸಾಲಿನಲ್ಲಿದ್ದದ್ದು ಒಂದು ಸಂಜೆಯ ಆರೂವರೆ ಲೀಟರ್, ಫ್ಯಾಟ್ 4.1. ಸೆಕ್ರೆಟರಿ ಹಳೆಯ ರಿಜಿಸ್ಟರ್ ತೆಗೆದರು. ಕರೆಂಟ್ ಹೋಗಿದ್ದ ಸಂಜೆ ಅದು, ಪೆನ್ಸಿಲಿನಲ್ಲಿ ಬರೆದಿದ್ದರು. 212ನೇ ಸಂಖ್ಯೆಯವರ ಹಾಲು. ಮುಂದಿನ ಬಟವಾಡೆಯಲ್ಲಿ ದುಡ್ಡು ಅವರ ಕೈ ಸೇರಿತು.