ಬೆಳಗುವ ತೆರೆಯ ಮೇಲೆ ಹಲ್ಲಿನ ಕಥೆ

ಧಾರವಾಡವನ್ನು ಬಿಟ್ಟು ಬೆಳಗಾವಿಯ ಹೆದ್ದಾರಿ ಹಿಡಿದವರಿಗೆ ನಡುದಾರಿಯಲ್ಲಿ ಕಿತ್ತೂರು ಎದುರಾಗುತ್ತದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆಯು ಉರುಳಿದ ನೆಲವಿದು. ಕೋಟೆಯೊಳಗೆ ಕಾಲಿಟ್ಟ ಪ್ರವಾಸಿಗೆ ಮೊದಲು ಕಾಣುವುದು ಮೊಂಡುಗೋಡೆಗಳೇ. ಆದರೆ ತಿಳಿದವರೊಬ್ಬರು ಜೊತೆಗಿದ್ದು, ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆಯೆಳೆದು ಅರಮನೆಯ ವಿನ್ಯಾಸವನ್ನು ತೋರಿಸಿದರೆ, ಆ ಮೊಂಡುಗೋಡೆಗಳ ಮೇಲೆಯೇ ತೊಲೆ, ಕಂಬ, ಪಡಸಾಲೆಗಳು ಎದ್ದು ನಿಲ್ಲುತ್ತವೆ. ಗೆರೆಯೆಳೆದವರು ಒಂದು ಕಲ್ಲನ್ನೂ ಹೊಸದಾಗಿ ಇಟ್ಟಿಲ್ಲ; ನೋಡುವವನ ಕಣ್ಣನ್ನು ಮಾತ್ರ ತೆರೆದಿದ್ದಾರೆ.

ಹಲ್ಲಿನ ವೈದ್ಯನಿಗೂ ಇಂಥದೇ ಒಂದು ಗೆರೆ ಬೇಕಾಗುತ್ತದೆ. ರೋಗಿಯ ನೋವು ರೋಗಿಯದೇ ಆದರೂ ಅದರ ಬೇರು ಅವನ ಕಣ್ಣಿಗೆ ಬೀಳದು. ತನ್ನ ಬಾಯನ್ನು ತಾನು ನೋಡಿಕೊಳ್ಳಲಾರದವನು, ಕಾಣದ ರೋಗಕ್ಕೆ ಕೇಳಿದಷ್ಟು ಹಣ ಕೊಟ್ಟು ಹೇಗೆ ಒಪ್ಪಿಯಾನು? ಇದಕ್ಕೆ ಉತ್ತರವಾಗಿ ಗಣಕಯಂತ್ರದ ಚಿತ್ರ ತಂತ್ರಾಂಶ ಬಂದಿದೆ.

ಕಿತ್ತೂರಿನಿಂದ ಬಡಗಣಕ್ಕೆ ತಿರುಗಿದರೆ ಬೈಲಹೊಂಗಲ. ಸೆರೆಯಲ್ಲಿದ್ದ ಚೆನ್ನಮ್ಮ ರಾಣಿಯು 1829ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದಳು. ಅವಳ ಸಮಾಧಿಗೆ ಕೈಮುಗಿಯದೆ ಯಾರೂ ಮುಂದೆ ಹೋಗರು. ಹತ್ತಿಯ ಪೇಟೆಗೆ ಹೆಸರಾದ ಈ ಊರಿಗೆ ಹತ್ತಿ ಮಾರಲು ಬಂದ ರೈತನೊಬ್ಬನನ್ನು ಊಹಿಸಿಕೊಳ್ಳಿ. ದವಡೆಯ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಳಿತಿದ್ದಾನೆ.

“ಕಿತ್ತ ಒಗದಬಿಡ್ರಿ ಡಾಕ್ಟರ, ಒಂದ ಸಲಕ್ಕ ತ್ರಾಸ ತಪ್ಪತೈತಿ.”

“ಕಾಕಾ, ಕೀಳೂದು ಇದ್ದ ಐತಿ. ಮೊದಲ ಇಲ್ಲೆ ನೋಡ್ರಿ.”

ಬೆಳಗುವ ತೆರೆಯ ಮೇಲೆ ಅವನದೇ ಹಲ್ಲಿನ ಕ್ಷಕಿರಣ ಚಿತ್ರ. ರಾಂಟ್ಜೆನ್ ಕ್ಷಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷದ ಜನವರಿಯಲ್ಲಿಯೇ ಜರ್ಮನಿಯ ದಂತವೈದ್ಯ ಒಟ್ಟೋ ವಾಲ್‌ಕಾಫ್ ತನ್ನ ಹಲ್ಲುಗಳ ಚಿತ್ರಕ್ಕಾಗಿ 25 ನಿಮಿಷ ಅಲುಗಾಡದೆ ಇರಬೇಕಾಯಿತು. ಇಂದು ಅದೇ ಕೆಲಸ ಕ್ಷಣಮಾತ್ರದ್ದು. ಚಿತ್ರದ ಪಕ್ಕದಲ್ಲಿ ತಂತ್ರಾಂಶವು ಹಲ್ಲಿನ ಬಣ್ಣದ ಮಾದರಿಯೊಂದನ್ನು ತಿರುತಿರುಗಿಸಿ ತೋರಿಸುತ್ತದೆ. ಮೇಲಿನ ಗಟ್ಟಿ ಕವಚ ಸರಿಯುತ್ತದೆ. ಅದರಡಿಯ ಪದರ ಸರಿಯುತ್ತದೆ. ನಡುವೆ ನರವೂ ರಕ್ತನಾಳಗಳೂ ಸೇರಿದ ಮೃದುವಾದ ತಿರುಳು ಕಾಣುತ್ತದೆ. ಹುಳುಕು ಅಲ್ಲಿಗೆ ಇಳಿದು, ಬೇರಿನ ತುದಿಯಲ್ಲಿ ಕೀವು ಕಟ್ಟಿದ ಬಗೆಯನ್ನು ವೈದ್ಯನು ಬೆರಳಿಟ್ಟು ತೋರಿಸುತ್ತಾನೆ. ತೊಗಲುಗೊಂಬೆಯಾಟ ಕಂಡ ನಾಡಿನವರಿಗೆ ಬೆಳಕಿನ ತೆರೆಯ ಕಥೆ ಹೊಸದಲ್ಲ.

“ಅಂದ್ರ, ಹುಳಾ ಇಲ್ಲೇನ್ರೀ?”

ಈ ಪ್ರಶ್ನೆಗೆ ನಗಬಾರದು. ‘ಹುಳುಕು’ ಎಂಬ ನಮ್ಮ ಮಾತಿನಲ್ಲಿಯೇ ಹುಳು ಹೊಕ್ಕು ಕುಳಿತಿದೆ. ಬೀಜದ ಹೊಗೆಯಿಟ್ಟು ಹಲ್ಲಿನ ಹುಳು ತೆಗೆಯುವವರನ್ನು ಹಳ್ಳಿಗಳು ಕಂಡಿವೆ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳಿಂದ ಆಮ್ಲವನ್ನುಂಟುಮಾಡಿ ಹಲ್ಲನ್ನು ಕರಗಿಸುತ್ತವೆಂದು ಮಿಲ್ಲರ್ ಎಂಬ ವಿಜ್ಞಾನಿಯು 1890ರಲ್ಲಿಯೇ ಬರೆದಿದ್ದರೂ, ಆ ಮಾತು ಹೊಲದವರೆಗೆ ಬರಲು ಚಿತ್ರವೇ ಬೇಕಾಯಿತು. ಚಿತ್ರ ಬಂದರೂ ಅದರ ವಿವರಣೆ ಇಂಗ್ಲಿಷಿನಲ್ಲಿದ್ದರೆ ಫಲವಿಲ್ಲ. ವಸಡು, ಬೇರು, ತಿರುಳು, ಕೀವು ಎಂಬ ಮನೆಮಾತು ಕೂಡಿದಾಗಲೇ ಚಿತ್ರಕ್ಕೆ ಬಾಯಿ ಬರುತ್ತದೆ.

ಈಗ ರೈತನ ಮುಂದೆ ಎರಡು ದಾರಿಗಳಿವೆ. ಬೇರಿನ ನಾಳವನ್ನು ಶುಚಿಮಾಡಿ, ಮರದ ಹಾಲಿನಿಂದಾದ ಗಟ್ಟಾಪರ್ಚಾ ತುಂಬಿ, ಮೇಲೆ ಟೋಪಿ ತೊಡಿಸಿದರೆ ಹಲ್ಲು ಉಳಿದೀತು. ಆದರೆ ಎರಡು ಮೂರು ಸಲ ಬರಬೇಕು, ಹಣವೂ ಹೆಚ್ಚು. ಕಿತ್ತರೆ ನೋವು ಅಂದೇ ಹೋದೀತು. ಆದರೆ ಬರಿದಾದ ಜಾಗಕ್ಕೆ ನೆರೆಯ ಹಲ್ಲುಗಳು ವಾಲಬಹುದು, ಅಗಿಯುವ ಬಲ ಕುಂದೀತು. ಸುಗ್ಗಿಯ ದಿನಗಳಲ್ಲಿ ಮೂರು ಬಾರಿ ಬಸ್ಸು ಹತ್ತುವ ಕಷ್ಟವನ್ನು ತೆರೆಯು ತೋರಿಸದು. ಅದನ್ನು ಅವನೇ ತೂಗಬೇಕು.

ಇಲ್ಲಿಂದ ಸವದತ್ತಿಗೆ ಸಾಗಿದರೆ ಎಲ್ಲಮ್ಮನ ಗುಡ್ಡದ ‘ಉಧೋ ಉಧೋ’ ಕಿವಿಗೆ ಬೀಳುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಜನಸಾಗರದಲ್ಲಿ ತಂಬಾಕು ಅಗಿಯುವ ಬಾಯಿಗಳಿಗೇನೂ ಕೊರತೆಯಿಲ್ಲ. ಓದಲು ಬಾರದವರಿಗೂ ತಟ್ಟಲೆಂದು 2009ರಿಂದ ತಂಬಾಕಿನ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು. 2016ರಲ್ಲಿ ಅವು ಪೊಟ್ಟಣದ ಮುಖದ ನೂರರಲ್ಲಿ 85 ಪಾಲನ್ನು ಆವರಿಸಿದವು. ಆದರೆ ಪೊಟ್ಟಣದ ಮೇಲಿನ ಬಾಯಿ ಯಾರದೋ ಬಾಯಿ. ಸಣ್ಣ ಕ್ಯಾಮೆರಾವೊಂದು ತನ್ನದೇ ಕೆನ್ನೆಯೊಳಗಿನ ಬಿಳಿಯ ಮಚ್ಚೆಯನ್ನು ತೆರೆಗೆ ತಂದಾಗ ಮನುಷ್ಯನು ಮೌನವಾಗುತ್ತಾನೆ.

ಆ ಮೌನದ ಹೊತ್ತಿನಲ್ಲಿಯೇ ವೈದ್ಯನ ಸತ್ಯಕ್ಕೆ ಪರೀಕ್ಷೆ. ಹೆದರಿದವನು ಏನನ್ನಾದರೂ ಒಪ್ಪುತ್ತಾನೆ. ತಂತ್ರಾಂಶದ ಹಲ್ಲಿಗೆ ರಕ್ತವಿಲ್ಲ, ನೋವಿಲ್ಲ. ಅಲ್ಲಿ ಪ್ರತಿಯೊಂದು ಚಿಕಿತ್ಸೆಯೂ ಗೆಲ್ಲುತ್ತದೆ. ಅದನ್ನೇ ಮುಂದೊಡ್ಡಿ ಬೇಡದ ಚಿಕಿತ್ಸೆಯನ್ನು ಮಾರುವುದು ಸುಲಭ. ಚಿಕಿತ್ಸೆಯ ಸ್ವರೂಪ, ಅದರ ಫಲ, ಅಪಾಯ, ಬೇರೆ ದಾರಿಗಳು, ಒಪ್ಪದಿದ್ದರೆ ಆಗುವ ಪರಿಣಾಮ, ಇವನ್ನು ತಿಳಿಸಿದ ಮೇಲೆಯೇ ಒಪ್ಪಿಗೆಗೆ ಬೆಲೆಯೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಹೇಳಿತು. ಕೀಳುವ ದಾರಿಯನ್ನೂ ಉಳಿಸುವ ದಾರಿಯಷ್ಟೇ ಸ್ಪಷ್ಟವಾಗಿ ತೋರಿಸಬಲ್ಲ ವೈದ್ಯನ ಕೈಯಲ್ಲಿ ಮಾತ್ರ ಚಿತ್ರವು ದೀಪ.

ಮಲಪ್ರಭೆಯ ಹರಿವಿನೊಡನೆ ಕೆಳಗಿಳಿದರೆ, 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗ. ಅದರ ಸೀಮೆಯಲ್ಲಿಯೇ, ಸುರೇಬಾನದ ಬಳಿ, ಶಬರಿಕೊಳ್ಳವಿದೆ. ಶಬರಿಯು ರಾಮನಿಗಾಗಿ ಕಾದದ್ದು ಇಲ್ಲಿಯೇ ಎಂದು ಈ ಭಾಗದ ಜನ ನಂಬುತ್ತಾರೆ. ಅವಳು ಬೋರೆಹಣ್ಣನ್ನು ಸುಮ್ಮನೆ ಆರಿಸಿ ಕೊಡಲಿಲ್ಲ. ಒಂದೊಂದನ್ನೂ ಕಚ್ಚಿ, ಹುಳಿ ಯಾವುದು, ಸಿಹಿ ಯಾವುದೆಂದು ತಿಳಿದು ಕೊಟ್ಟಳೆಂಬುದು ಕಥೆ. ಆ ಮುದುಕಿಯ ಬಾಯಲ್ಲಿ ಎಷ್ಟು ಹಲ್ಲುಗಳಿದ್ದವೋ ಯಾರೂ ಹೇಳಿಲ್ಲ. ಆದರೆ ಕೊಡುವ ಮುನ್ನ ತಿಳಿಯಬೇಕೆಂಬ ಅವಳ ಹಟ ದೊಡ್ಡದು. ಬೈಲಹೊಂಗಲದ ಕುರ್ಚಿಯಲ್ಲಿ ಕುಳಿತ ರೈತನೂ ತನ್ನ ಒಪ್ಪಿಗೆಯನ್ನು ಹಾಗೆಯೇ ತಿಳಿದು ಕೊಡಲಿ. ಅವನು ಕೊನೆಗೆ ‘ಕೀಳ್ರಿ’ ಎಂದರೂ ಸರಿ, ‘ಉಳಸ್ರಿ’ ಎಂದರೂ ಸರಿ. ಆ ಮಾತು ಅವನದಾಗಿರಬೇಕು.