ಬೆರಕೆ ಸೊಪ್ಪು

ಸೊಪ್ಪು ತಿನ್ನಿ ಎನ್ನುವಷ್ಟು ಸುಲಭದ ಸಲಹೆ ಇನ್ನೊಂದಿಲ್ಲ. ಯಾವ ಸೊಪ್ಪು, ಎಲ್ಲಿಂದ ತರಬೇಕು, ಕೂತು ಸೋಸುವವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಳೆದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 8.9 ಇತ್ತು, ಹೆಂಗಸರಿಗೆ 12 ಆದರೂ ಇರಬೇಕು. ಇದರಲ್ಲಿ ನಾನೇನೂ ಒಂಟಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಜೊತೆಗೆ ಸೊಪ್ಪು ತಿನ್ನಿ ಎಂದರು.

ನನ್ನ ರಕ್ತ ಏರಿದ್ದು ಮಾತ್ರೆಯಿಂದಲೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಕಡಿಮೆ. ನಿಂಬೆಹಣ್ಣು ಹಿಂಡಿಕೊಂಡರೆ ಒಂದಿಷ್ಟು ಹೆಚ್ಚುತ್ತದೆ, ಊಟದ ಬೆನ್ನಿಗೇ ಟೀ ಕುಡಿದರೆ ಅದೂ ಹೋಗುತ್ತದೆ. (ಊಟವಾಗಿ ಒಂದು ಗಂಟೆ ಟೀ ಮುಟ್ಟದಿರುವುದು ಪ್ರಬಂಧದ ಒಂದು ಅಧ್ಯಾಯ ಮುಗಿಸುವುದಕ್ಕಿಂತ ಕಷ್ಟ.) ಹಾಗಿದ್ದರೂ ಫೋಲೇಟ್, ನಾರು ಎಲ್ಲ ಸೊಪ್ಪಿನಿಂದ ಬರಬೇಕು. ಕಬ್ಬಿಣದ ಮಾತ್ರೆ ನುಂಗಿ ಹೊಟ್ಟೆ ಕಟ್ಟಿಕೊಂಡವರಿಗೆ ನಾರಿನ ಬೆಲೆ ಬೇರೆ ಯಾರೂ ವಿವರಿಸಬೇಕಿಲ್ಲ.

ಮೈಸೂರಿನ ನಮ್ಮ ಬಾಡಿಗೆ ರೂಮಿನಲ್ಲಿ ಮೂವರಿದ್ದೇವೆ. ಭಾನುವಾರ ಬಸ್ಸಾರು ನನ್ನ ಪಾಳಿ. ಹೆಸರುಕಾಳು ಅರೆಬೆಂದ ಮೇಲೆ ಸೊಪ್ಪು ಹಾಕಿ, ಬೆಂದ ನೀರನ್ನು ಬಸಿದಿಟ್ಟುಕೊಳ್ಳಬೇಕು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು, ಇವುಗಳ ಜೊತೆ ಒಂದು ಹಿಡಿ ಬೆಂದ ಸೊಪ್ಪು-ಕಾಳನ್ನೂ ಸೇರಿಸಿ ರುಬ್ಬಿ ಆ ನೀರಿಗೆ ಕಲಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸುವಾಗ ನೀರಿಗೆ ಇಳಿದ ಸತ್ವ ಸಾರಾಗಿ ತಟ್ಟೆಗೇ ಬರುತ್ತದೆ. ಪೋಷಣೆಯ ಪಾಠ ಓದದ ಅಡುಗೆಮನೆಗಳು ಕಂಡುಕೊಂಡ ಈ ಲೆಕ್ಕ ನನಗೆ ಯಾವ ಸಲಾಡಿಗಿಂತಲೂ ಜಾಣತನದ್ದು ಅನ್ನಿಸುತ್ತದೆ.

ಆದರೆ ಪೇಟೆಯ ಕಟ್ಟುಗಳಲ್ಲಿ ಸಿಗುವುದು ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ, ಹೀಗೆ ಐದಾರೇ ಬಗೆ. ನಾಗಮಂಗಲದ ಕಡೆಯ ನಮ್ಮೂರಿನಲ್ಲಿ ಸಾರಿಗೆ ಬೀಳುತ್ತಿದ್ದದ್ದು ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರಕಸಾಲೆ, ಗೋಣಿ. ಯಾರೂ ಬಿತ್ತಿದ್ದಲ್ಲ. ರಾಗಿ ಹೊಲದಲ್ಲಿ ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ತರುತ್ತಿದ್ದರು. ಗಣಿಕೆ ಕಹಿ, ಅದು ಸ್ವಲ್ಪವೇ ಇರಬೇಕು; ಗೋಣಿ ಹುಳಿ. ಯಾವುದು ಎಷ್ಟು ಎಂಬುದು ಕೈಗೆ ಗೊತ್ತಿರುವ ವಿಷಯ.

ಈಗ ಹೊಲಗಳಿಗೆ 2,4-ಡಿ ಹೊಡೆಯುತ್ತಾರೆ. ಅದು ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಔಷಧಿ. ಹುಲ್ಲಿನ ಜಾತಿಯ ರಾಗಿ ಉಳಿದುಕೊಳ್ಳುತ್ತದೆ. ಅಗಲ ಎಲೆಯ ಕಳೆಗಳು ಅಂದರೆ ನಮ್ಮ ಸಾರಿನ ಸೊಪ್ಪುಗಳೇ. ಹೊಡೆಸಿದವರನ್ನು ನಾನು ಬೈಯಲಾರೆ. ಕೂಲಿಗೆ ಜನ ಸಿಗುವುದಿಲ್ಲ, ದಿನವಿಡೀ ಬಗ್ಗಿ ಕಳೆ ಕಿತ್ತು ಹೋದ ಸೊಂಟ ಅಮ್ಮನದೇ. ಅಮ್ಮ ಈಗ ಆ ಹೊಲಗಳ ಬದುವಿನಲ್ಲಿ ಕೂಡ ಸೊಪ್ಪು ಮುಟ್ಟುವುದಿಲ್ಲ. ಹಿತ್ತಿಲಲ್ಲಿ, ಬಚ್ಚಲು ನೀರು ಹರಿಯುವ ಕಡೆ ಬಂದದ್ದನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೈಸೂರಿಗೆ ಬರುವವರ ಕೈಲಿ ಕಳಿಸುತ್ತಾಳೆ.

ಹೋದ ವಾರ ಬಂದ ಕಟ್ಟನ್ನು ನೆಲಕ್ಕೆ ಪೇಪರು ಹಾಸಿ ಮೂವರೂ ಸೋಸಿದೆವು, ಮುಕ್ಕಾಲು ಗಂಟೆ ಹಿಡಿಯಿತು. ಆರು ಬಗೆ ಇತ್ತು, ಐದರ ಹೆಸರು ಬರೆದುಕೊಂಡೆ. ಆರನೆಯದರ ಫೋಟೊ ಕಳಿಸಿ ಕೇಳಿದರೆ ಅಮ್ಮ, 'ಅದಾ? ನಿಮ್ಮಜ್ಜಿ ಹಾಕ್ತಿತ್ತು ಕಣವ್ವ, ಅದುಕ್ಕೆ ನಾನೂ ಹಾಕ್ತೀನಿ. ಹೆಸ್ರು ಕೇಳಿರ್ಲಿಲ್ಲ' ಅಂದಳು.